ಕಾಸರಗೋಡಿನ ಊರೂರಲ್ಲಿ ಅತಿ ಹಳೆಯ ಮನೆ ಯಾವುದೆಂದು ಪತ್ತೆಹಚ್ಚುವ ಕ್ರಮ

ಕಾಸರಗೋಡಿನ ಯಾವ ಊರಿಗೆ ಹೋಗಿ ವಿಚಾರಿಸಿದರೂ “ನಮ್ಮ ಮನೆಗೆ ನಾನ್ನೂರು ವರ್ಷ ಆಯಿತು” ಎನ್ನುವವರು ಸಿಗುತ್ತಾರೆ. ಅವರ ಮಾತು ಸುಳ್ಳಲ್ಲ. ಅದು ಮನೆತನದ ಲೆಕ್ಕ. ದೈವದ ಚಾವಡಿ, ನಾಗಬನ, ಬಾವಿ ಇವೆಲ್ಲ ಇದ್ದಲ್ಲೇ ಉಳಿದು, ಮನೆಯನ್ನು ಮಾತ್ರ ಎರಡು ಮೂರು ಸಲ ಬಿಚ್ಚಿ ಕಟ್ಟಿರುತ್ತಾರೆ. ಮುಳಿಹುಲ್ಲಿನ ಮಾಡು (ಛಾವಣಿ) ಬೆಂಕಿಗೆ ಹೋಗುತ್ತಿತ್ತು, ಮಣ್ಣಿನ ಗೋಡೆ ಮಳೆಗೆ ಕರಗುತ್ತಿತ್ತು, ಪಾಲು ಆದಾಗ ಮರಮಟ್ಟು ಹಂಚಿಹೋಗುತ್ತಿತ್ತು. ಹಾಗಾಗಿ ಹುಡುಕಾಟಕ್ಕೆ ಇಳಿಯುವವರು ಒಂದು ವಿಷಯವನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು: ಒಂದು ಮನೆಗೆ ಒಂದೇ ವಯಸ್ಸು ಇರುವುದಿಲ್ಲ. ಗೋಡೆಗೆ ಒಂದು, ಮಾಡಿಗೆ ಒಂದು, ನೆಲಕ್ಕೆ ಇನ್ನೊಂದು. “ಈ ಮನೆ ಎಷ್ಟು ಹಳತು” ಎಂದು ಕೇಳುವ ಬದಲು “ಈ ಮನೆಯಲ್ಲಿ ಇವತ್ತಿಗೂ ನಿಂತಿರುವ ಅತಿ ಹಳೆಯ ಭಾಗ ಯಾವುದು, ಅದಕ್ಕೆ ಆಧಾರ ಏನು” ಎಂದು ಕೇಳಬೇಕು. ಮುಂದಿನ ಕೆಲಸವೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆಯುತ್ತದೆ.

ತಡಮಾಡುವ ಹೊತ್ತೂ ಇದಲ್ಲ. ತಲಪಾಡಿಯಿಂದ ಚೆಂಗಳದವರೆಗೆ ಷಟ್ಪಥ ಹೆದ್ದಾರಿಗೆ ಜಾಗ ಬಿಟ್ಟುಕೊಟ್ಟಾಗ ದಾರಿ ಬದಿಯ ಎಷ್ಟೋ ಹಂಚಿನ ಮನೆಗಳು ಹೋದವು. ಉಳಿದವುಗಳಲ್ಲಿ ಬೀಗ ಬಿದ್ದವು ಹೆಚ್ಚು. ಎರಡು ಮಳೆಗಾಲ ಹಂಚು ಕೈಯಾಡಿಸದೆ ಬಿಟ್ಟರೆ ನೀರು ಪಕ್ಕಾಸಿನ (ಮಾಡು ಹೊರುವ ಓರೆಮರದ) ಬುಡಕ್ಕೆ ಇಳಿಯುತ್ತದೆ. ಆಮೇಲೆ ಗೋಡೆ ಬೀಳುವುದಕ್ಕೆ ಹೆಚ್ಚು ಕಾಲ ಬೇಡ.

ಮೊದಲ ಹಂತ: ಎಲ್ಲಿ ಹುಡುಕಬೇಕು

ಇಡೀ ಪಟ್ಟಣವನ್ನು ಒಟ್ಟಿಗೆ ಹಿಡಿಯಬೇಡಿ. ಒಂದು ಕಂದಾಯ ಗ್ರಾಮವನ್ನು, ಉದಾಹರಣೆಗೆ ಕೂಡ್ಲು, ಮಧೂರು ಅಥವಾ ತಳಂಗರೆಯನ್ನು, ಆರಿಸಿಕೊಳ್ಳಿ. ನಗರಸಭೆಯ ವಾರ್ಡನ್ನು ಘಟಕವಾಗಿ ಇಟ್ಟುಕೊಂಡರೆ ಮುಂದೆ ತೊಂದರೆ: ವಾರ್ಡಿನ ಗಡಿ ವಿಂಗಡಣೆಯಾದಾಗಲೆಲ್ಲ ಬದಲಾಗುತ್ತದೆ, ಮನೆ ನಂಬರೂ ಬದಲಾಗುತ್ತದೆ. ಕಾಸರಗೋಡು ನಗರಸಭೆಯೇ 1966ರದ್ದು. ಹಳೆಯ ದಾಖಲೆಗಳೆಲ್ಲ ಗ್ರಾಮ ಮತ್ತು ಸರ್ವೆ ನಂಬರಿನ ಲೆಕ್ಕದಲ್ಲಿವೆ.

ಆಮೇಲೆ ನೆಲದ ರೂಪ ನೋಡಿ. ಈ ಸೀಮೆಯಲ್ಲಿ ಹಳೆಯ ಮನೆಗಳು ಬೈಲಿನ ಅಂಚಿನಲ್ಲಿ, ಗುಡ್ಡದ ಬುಡದಲ್ಲಿ ಇರುತ್ತವೆ: ಗದ್ದೆಯಿಂದ ಸ್ವಲ್ಪ ಎತ್ತರ, ನೆರೆ ಮುಟ್ಟುವುದಿಲ್ಲ, ಬಾವಿಗೆ ಬೇಗ ನೀರು ಸಿಗುತ್ತದೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಪದವಿನ, ಎಂದರೆ ಎತ್ತರದ ಸಮತಟ್ಟು ನೆಲದ, ಮೇಲೆ ನೀರಿಲ್ಲ, ಹಾಗಾಗಿ ಹಳೆಯ ಮನೆಗಳೂ ಇಲ್ಲ. ವಿದ್ಯಾನಗರದ ಕಡೆ ಹುಡುಕಿ ದಿನ ಕಳೆಯುವುದು ಬೇಡ. ಅದು ಪದವಿನ ಮೇಲೆ ಬೆಳೆದ ಹೊಸ ಊರು. ಕೃಷಿಯ ಊರುಗಳಲ್ಲಿ ಬೈಲಿನ ಅಂಚು ಹಿಡಿದು ನಡೆಯಿರಿ. ವ್ಯಾಪಾರದ ಊರುಗಳಲ್ಲಿ ಹೊಳೆಬಾಗಿಲು, ಕೋಟೆ, ಮಸೀದಿ, ರಥಬೀದಿಯ ಸುತ್ತ ನೋಡಿ: ಚಂದ್ರಗಿರಿ ಹೊಳೆಯ ಬಾಯಿಯ ತಳಂಗರೆ, ಕಾಸರಗೋಡು ಕೋಟೆಯ ಆಸುಪಾಸು, ಮಂಜೇಶ್ವರದ ಅನಂತೇಶ್ವರ ದೇವಸ್ಥಾನದ ಬೀದಿ, ಕುಂಬಳೆಯ ಹೊಳೆ ಬದಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಮೊದಲು ಭಾರದ ಸಾಮಾನು ಸಾಗುತ್ತಿದ್ದುದು ಹೆಚ್ಚಾಗಿ ನೀರಿನ ದಾರಿಯಲ್ಲಿ. ಆದ್ದರಿಂದ ಹಳೆಯ ಪೇಟೆಯ ಮನೆ ಎಂದರೆ ನೀರಿನ ಹತ್ತಿರದ ಮನೆ.

ನಕ್ಷೆಗಳ ಪೈಕಿ ಸರ್ವೆ ಆಫ್ ಇಂಡಿಯಾದ ಹಳೆಯ ಒಂದು ಇಂಚಿನ (ಮೈಲಿಗೆ ಒಂದು ಇಂಚು ಲೆಕ್ಕದ) ಹಾಳೆಗಳು ತುಂಬ ಉಪಕಾರಕ್ಕೆ ಬರುತ್ತವೆ. ಪಟ್ಟಣ ಕುಳಿತಿರುವುದು 75 ಡಿಗ್ರಿ ರೇಖಾಂಶದ ಹತ್ತಿರವೇ ಆದ್ದರಿಂದ 48 ಎಲ್ ಮತ್ತು 48 ಪಿ ಎರಡೂ ಗುಂಪಿನ ಹಾಳೆಗಳು ಬೇಕಾಗುತ್ತವೆ. ಒಂದೇ ತಂದರೆ ಅರ್ಧ ಊರು ಸಿಗುವುದಿಲ್ಲ. ಹಾಳೆಯಲ್ಲಿ ಮನೆಗಳ ಗುಂಪು ಎಲ್ಲಿದೆಯೋ ಅದನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಗುರುತು ಹಾಕಿ. ಹಳೆಯ ಗುಂಪಿನ ಜಾಗದಲ್ಲಿ ಇವತ್ತು ದೊಡ್ಡ ಹಂಚಿನ ಮಾಡು ಕಂಡರೆ ಪಟ್ಟಿಗೆ ಸೇರಿಸಿ.

ಎರಡನೆಯ ಹಂತ: ಹೊರಗಿನಿಂದ ನೋಡಿ ಪಟ್ಟಿ ಮಾಡುವುದು

ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಮಳೆಗೆ ಗಾರೆ ಉದುರಿ ಗೋಡೆಯ ಒಳಗು ಅಲ್ಲಲ್ಲಿ ಕಾಣುತ್ತಿರುತ್ತದೆ, ಸುಣ್ಣ ಬಳಿಯುವುದು ಇನ್ನೂ ಆಗಿರುವುದಿಲ್ಲ. ಆದರೆ ಹಂಚಿನ ಅಡಿಭಾಗ ನೋಡಬೇಕಿದ್ದರೆ ಏಪ್ರಿಲ್–ಮೇ ತಿಂಗಳೇ ಆಗಬೇಕು. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವರು ಮಾಡಿನ ಮೇಲಿರುತ್ತಾರೆ. ಅವರಲ್ಲಿ ಕೇಳಿಕೊಂಡರೆ ಮಾಡಿನ ಒಂದೊಂದು ಇಳಿಜಾರಿನಿಂದಲೂ ನಾಲ್ಕು ಹಂಚು ಮಗುಚಿ ತೋರಿಸುತ್ತಾರೆ. ಒಂದು ಊರಿನ ಮಾಡುಗಳ ವಿಚಾರ ಇವರಷ್ಟು ತಿಳಿದವರು ಬೇರೆ ಯಾರೂ ಇಲ್ಲ. ಯಾವ ಮನೆಯ ಪಕ್ಕಾಸು ತಾಳೆಯದ್ದು, ಯಾವುದು ಹಲಸಿನದ್ದು ಎಂಬುದು ಅವರಿಗೆ ಕೈಯಲ್ಲೇ ಗೊತ್ತಿರುತ್ತದೆ.

ದಾರಿಯಲ್ಲಿ ನಿಂತು ನೋಡುವಾಗ ಮನೆಯ ಮುಖ ಯಾವ ಕಡೆಗಿದೆ ಎಂಬುದನ್ನು ಗಮನಿಸಿ. ಮನೆಯ ಬೆನ್ನು ರಸ್ತೆಗೆ ತಿರುಗಿದ್ದು, ಜಗಲಿಯೂ ಪಡಿಪ್ಪುರೆಯೂ (ಅಂಗಳದ ಹೆಬ್ಬಾಗಿಲು) ಗದ್ದೆ ಅಥವಾ ಹೊಳೆಯ ಕಡೆಗಿದ್ದರೆ ಆ ಮನೆ ರಸ್ತೆಗಿಂತ ಹಳತು. ರಸ್ತೆ ಆದ ಕಾಲ ತಿಳಿದರೆ ಮನೆಗೂ ಒಂದು ಗಡಿ ಸಿಕ್ಕಿದಂತೆ. ಎರಡನೆಯದು ಮಾಡಿನ ಇಳಿಜಾರು. ಮುಳಿಗೆ ಕಡಿದಾದ ಇಳಿಜಾರು ಬೇಕು, ಇಲ್ಲದಿದ್ದರೆ ಹುಲ್ಲು ಕೊಳೆಯುತ್ತದೆ. ಹಂಚಿಗೆ ಅಷ್ಟು ಬೇಡ. ಹಂಚಿನ ಮನೆಯೊಂದರ ಮಾಡು ನೆರೆಮನೆಗಳಿಗಿಂತ ಎದ್ದು ಕಾಣುವಷ್ಟು ಕಡಿದಾಗಿದ್ದರೆ ಅದು ಮುಳಿಯ ಕಾಲದ ಚೌಕಟ್ಟಿನ ಮೇಲೆ ಆಮೇಲೆ ಹಂಚು ಹೊದೆಸಿದ್ದಾಗಿರಬಹುದು. ಇದು ಅನುಮಾನಕ್ಕೆ ಸಾಕು, ತೀರ್ಮಾನಕ್ಕೆ ಸಾಲದು.

ಮುಂಭಾಗದ ಗೋಡೆಯ ನೆತ್ತಿಯಲ್ಲಿ ಗಾರೆಯಿಂದ ಬರೆದ ವರ್ಷವನ್ನು ನಂಬಿ ಮೋಸಹೋಗುವವರು ಬಹಳ. ಆ ಅಂಕೆ ಸಿಮೆಂಟಿನದ್ದಾದರೆ ಅದು ಸಾಮಾನ್ಯವಾಗಿ ಮುಖಮಂಟಪ ಕಟ್ಟಿಸಿದ ವರ್ಷ. ಅದರ ಹಿಂದಿನ ಚಾವಡಿ ಅದಕ್ಕಿಂತ ಎಷ್ಟೋ ಹಳತಿರಬಹುದು.

ಮೂರನೆಯ ಹಂತ: ಮನೆಯೊಳಗೆ

ಹೇಳದೆ ಕೇಳದೆ ಹೋಗಬೇಡಿ. ಊರಿನ ಪರಿಚಯಸ್ಥರೊಬ್ಬರನ್ನು ಜತೆಗೆ ಕರೆದುಕೊಂಡು, ಮುಂಚಿನ ದಿನವೇ ತಿಳಿಸಿ ಹೋಗಿ. ತಂಡದಲ್ಲಿ ಒಬ್ಬ ಹೆಂಗಸು ಇರಲೇಬೇಕು. ಅಡುಗೆಮನೆ ಮತ್ತು ಒಳಕೋಣೆಗಳಿಗೆ ಗಂಡಸರು ನುಗ್ಗುವುದು ಯಾವ ಸಮುದಾಯದ ಮನೆಯಲ್ಲೂ ಸರಿಯಲ್ಲ. ದೇವರ ಕೋಣೆ, ದೈವದ ಮಂಚವು ಇರುವ ಕಡೆ ಮನೆಯವರು ಕರೆದರೆ ಮಾತ್ರ ಹೋಗಿ, ಫೋಟೊ ಕೇಳಿಯೇ ತೆಗೆಯಿರಿ. ಇಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಮನೆಮಾತುಗಳಿವೆ. ಹಿರಿಯರನ್ನು ಅವರ ಮನೆಮಾತಿನಲ್ಲೇ ಕೇಳಿದರೆ ಅರ್ಧ ಕೆಲಸ ಆದ ಹಾಗೆ.

ಕೊಂಡೊಯ್ಯಬೇಕಾದದ್ದು ಕಡಿಮೆ: 15 ಮೀಟರಿನ ಟೇಪು, ಒಳ್ಳೆಯ ಟಾರ್ಚು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಸಣ್ಣ ಕನ್ನಡಿ, ಒಂದು ನಿಂಬೆಹಣ್ಣು, ಚೌಕುಳಿ ಕಾಗದದ ನೋಟುಬುಕ್ಕು. ಒಂದು ಮನೆಗೆ ಎರಡರಿಂದ ಮೂರು ಗಂಟೆ ಬೇಕು. ದಿನಕ್ಕೆ ಎರಡು ಮನೆ ಸಾಕು.

ಮಾತು ಶುರುಮಾಡುವುದಕ್ಕೆ ಮನೆಯ ಹಿರಿಯ ಹೆಂಗಸರೇ ಸರಿ. “ಮನೆ ಯಾವಾಗ ಕಟ್ಟಿದ್ದು?” ಎಂದರೆ “ನಮ್ಮ ಅಜ್ಜನ ಕಾಲದ್ದು” ಎಂಬಲ್ಲಿಗೆ ಮಾತು ಮುಗಿಯುತ್ತದೆ. “ಅಜ್ಜೀ, ನೀವು ಮದುವೆಯಾಗಿ ಈ ಮನೆಗೆ ಬರುವಾಗ ಮಾಡಿಗೆ ಹಂಚಿತ್ತಾ, ಮುಳಿಯಾ? ಅಡಿಗೆಮನೆ ಇಲ್ಲೇ ಇತ್ತಾ? ನೆಲಕ್ಕೆ ಸಗಣಿ ಸಾರಿಸುತ್ತಿದ್ದಿರಾ?” ಎಂದು ಕೇಳಿ. ಅವರ ಮದುವೆಯ ವರ್ಷ ಗೊತ್ತಾದರೆ ಪ್ರತಿ ಉತ್ತರಕ್ಕೂ ಒಂದು ಕಾಲ ಸಿಗುತ್ತದೆ. ಹೆಣ್ಣಿನ ಕಡೆಯಿಂದ ಮನೆತನ ಸಾಗುವ ಕಡೆ, ಎಂದರೆ ಅಳಿಯಸಂತಾನದ ಗುತ್ತುಮನೆಯಲ್ಲಿ, ಮರುಮಕ್ಕತ್ತಾಯದ ತರವಾಡಿನಲ್ಲಿ (ಮಲಯಾಳ ಮನೆಮಾತಿನವರ ಮೂಲಮನೆಯಲ್ಲಿ), ಹುಟ್ಟಿದಲ್ಲೇ ಬೆಳೆದ ಅಜ್ಜಿ ಸಿಕ್ಕಿದರೆ ಅದಕ್ಕಿಂತ ಹಿಂದಕ್ಕೆ, ಅವರ ತಾಯಿ ಹೇಳಿದ್ದರವರೆಗೂ ಹೋಗಬಹುದು.

ಈಗ ಕಟ್ಟಡ. ಮಾಡಿನಿಂದ ಕೆಳಕ್ಕೆ ನೋಡುತ್ತ ಬನ್ನಿ.

ಮಂಗಳೂರು ಹಂಚು ಕಾಲ ಹೇಳುವ ಒಳ್ಳೆಯ ಸಾಕ್ಷಿ, ಆದರೆ ಅದನ್ನು ತಪ್ಪಾಗಿ ಓದುವವರೇ ಹೆಚ್ಚು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಆದ್ದರಿಂದ ಮಂಗಳೂರು ಹಂಚಿನ ಯಾವ ಹೊದಿಕೆಯೂ ಅದಕ್ಕಿಂತ ಹಿಂದಿನದಲ್ಲ. ಹಂಚಿನ ಅಡಿಯಲ್ಲಿ “ಬಾಸೆಲ್ ಮಿಶನ್ ಟೈಲ್ ವರ್ಕ್ಸ್ 1865” ಎಂಬ ಮುದ್ರೆ ಕಂಡು “ಮನೆ 1865ರದ್ದು” ಎಂದು ಬರೆದಿಡುವುದು ತೀರ ಸಾಮಾನ್ಯವಾದ ತಪ್ಪು. ಅದು ಕಾರ್ಖಾನೆ ಹುಟ್ಟಿದ ವರ್ಷ. ಎಷ್ಟೋ ವರ್ಷಗಳ ನಂತರ ಸುಟ್ಟ ಹಂಚಿನ ಮೇಲೂ ಅದೇ ಅಂಕೆ ಇರುತ್ತದೆ. ಆಲ್ಬುಕರ್ಕ್ ಹಂಚಿನ ಮೇಲಿನ 1868 ಕೂಡ ಹಾಗೆಯೇ. ಮುದ್ರೆಯಲ್ಲಿ ನಿಜವಾಗಿ ಕಾಲ ಹೇಳುವುದು ಹೆಸರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಬಾಸೆಲ್ ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಬಂದವು. ಹಾಗಾಗಿ ಬಾಸೆಲ್ ಮಿಶನ್ ಹೆಸರಿನದ್ದು ಯುದ್ಧಕ್ಕೆ ಮುಂಚಿನ ಕಾಲದ್ದು, ಕಾಮನ್‌ವೆಲ್ತ್ ಹೆಸರಿನದ್ದು ನಂತರದ್ದು.

ಮುಚ್ಚಿಗೆ (ಮಾಡಿನಡಿಯ ಹಲಗೆಯ ಹೊದಿಕೆ) ಇಲ್ಲದ ಕಡೆ, ಕೊಟ್ಟಿಗೆಯಲ್ಲೋ ಅಡುಗೆಮನೆಯಲ್ಲೋ, ನಿಂತಲ್ಲಿಂದಲೇ ಟಾರ್ಚು ಹಿಡಿದರೆ ಮುದ್ರೆ ಓದಬಹುದು. ಒಂದೊಂದು ಇಳಿಜಾರಿನಲ್ಲೂ ಕನಿಷ್ಠ 20 ಹಂಚು ಎಣಿಸಿ, ಯಾವ ಹೆಸರಿನದ್ದು ಎಷ್ಟು ಎಂದು ಬರೆದುಕೊಳ್ಳಿ. ಒಡೆದ ಹಂಚಿಗೆ ಬದಲಿ ಹಾಕುತ್ತ ಬಂದಿರುತ್ತಾರೆ, ಬಿದ್ದ ಮನೆಯ ಹಂಚು ತಂದು ಹಾಕುವುದೂ ಉಂಟು. ಹೆಚ್ಚು ಸಂಖ್ಯೆಯಲ್ಲಿರುವ ಹೆಸರು ಹೊದಿಕೆಯ ಕಾಲವನ್ನು ಸೂಚಿಸುತ್ತದೆ, ಒಂಟಿ ಹಂಚು ಏನನ್ನೂ ಹೇಳುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಸಿಗುವುದು ಹೊದಿಕೆಯ ಕಾಲವೇ ಹೊರತು ಗೋಡೆಯದ್ದಲ್ಲ.

ಹಂಚಿನ ಕೆಳಗೆ ರೀಪು (ಹಂಚು ಕೂರುವ ಅಡ್ಡಪಟ್ಟಿ), ಪಕ್ಕಾಸು. ಮಂಗಳೂರು ಹಂಚಿಗೆ ರೀಪಿನ ಅಂತರ ಒಂದು ಅಡಿಗಿಂತ ತುಸು ಹೆಚ್ಚು. ಪಕ್ಕಾಸಿನ ಮೇಲೆ ಈಗಿನ ರೀಪಿಗೆ ಹೊಂದದ ಹಳೆಯ ತೂತು, ಹಗ್ಗ ಕಟ್ಟಿದ ಗಾಯ, ಬಿದಿರಿನ ಮೊಳೆಯ ಗುರುತು ಕಂಡರೆ ಹಂಚಿಗೆ ಮುಂಚೆ ಬೇರೊಂದು ಹೊದಿಕೆ ಇತ್ತು. ಆಗ ಆ ಚೌಕಟ್ಟು ಹೊದಿಕೆಗಿಂತ ಹಿಂದಿನದು. ಆದರೆ ಮರ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ತೊಲೆಯಲ್ಲಿ ಯಾವುದೂ ಕೂರದ ಖಾಲಿ ಗುಳಿ ಇದ್ದರೆ, ಕೆತ್ತನೆ ಅರ್ಧಕ್ಕೆ ತುಂಡಾಗಿ ಗೋಡೆಯೊಳಗೆ ಹೋಗಿದ್ದರೆ ಅದು ಬೇರೆಡೆಯಿಂದ ಬಂದ ಮರ. ಅಂಥ ತೊಲೆಯ ವಯಸ್ಸನ್ನು ಮನೆಯ ಲೆಕ್ಕಕ್ಕೆ ಸೇರಿಸಬೇಡಿ. ಮರದ ಚೂರನ್ನು ಇಂಗಾಲದ ಪರೀಕ್ಷೆಗೆ ಕಳುಹಿಸುವ ಯೋಚನೆ ಹಲವರಿಗೆ ಬರುತ್ತದೆ. 17ನೇ ಶತಮಾನದ ನಡುವಿನಿಂದ ಈಚೆಗಿನ ಮರಕ್ಕೆ ಅದು ಕೊಡುವ ಉತ್ತರ ಎಷ್ಟು ಅಗಲವೆಂದರೆ ನಮ್ಮ ಕೆಲಸಕ್ಕೆ ಬರುವುದಿಲ್ಲ.

ಬಾಗಿಲು ನೋಡುವಾಗ ಕೀಲು ನೋಡಿ. ಬಾಗಿಲಿನ ಹಲಗೆಯದ್ದೇ ಮೊಳಕೆ ಮೇಲೂ ಕೆಳಗೂ ಗುಳಿಯಲ್ಲಿ ತಿರುಗುವ ತಿರುಗಣಿ, ಮರದ ಅಗುಳಿ, ಕಿಟಕಿಗೆ ಮರದ ಸರಳು ಇವು ಹಳೆಯ ಕ್ರಮ. ಕಬ್ಬಿಣದ ತಿರುಪಿನ ಕೀಲು, ದುಂಡು ಸರಳು ನಂತರದ್ದು. ಕಮ್ಮಾರ ಬಡಿದ ಚೌಕಾಕಾರದ ಮೊಳೆ ಮತ್ತು ತಂತಿಯ ದುಂಡು ಮೊಳೆ ಒಂದೇ ಚೌಕಟ್ಟಿನಲ್ಲಿದ್ದರೆ ಆಮೇಲೆ ಕೈಹಾಕಿದ್ದಾರೆ ಎಂದು ತಿಳಿಯಿರಿ.

ಗೋಡೆಗೆ ಬಂದಾಗ ಸಾವಧಾನ ಬೇಕು. ಗಾರೆ ಬಿದ್ದ ಜಾಗದಲ್ಲಿ ಮುರಕಲ್ಲಿನ ಮೈ ಕಂಡರೆ ಮಸೂರ ಹಿಡಿಯಿರಿ. ಕೈಯಿಂದ ಕೆತ್ತಿದ ಕಲ್ಲಿನ ಮೇಲೆ ಕೊಡಲಿಯ ಓರೆ ಏಟುಗಳು, ಒಂದಕ್ಕೊಂದು ಸಮವಲ್ಲದೆ ಇರುತ್ತವೆ; ಕಲ್ಲಿನ ಅಳತೆಯೂ ಒಂದೇ ಸಮ ಇರುವುದಿಲ್ಲ. ಯಂತ್ರದಲ್ಲಿ ಕೊಯ್ದದ್ದು ನುಣುಪು, ಬ್ಲೇಡಿನ ಗೀರುಗಳು ಸಾಲಾಗಿ ಕಾಣುತ್ತವೆ. ಅದು ಇತ್ತೀಚಿನ ದಶಕಗಳದ್ದು. ಕಲ್ಲಿನ ನಡುವೆ ಇರುವುದು ಮಣ್ಣೋ, ಚಿಪ್ಪಿಸುಣ್ಣವೋ, ಸಿಮೆಂಟೋ ನೋಡಿ. ಉದುರಿದ ಪುಡಿಯ ಮೇಲೆ ಎರಡು ಹನಿ ನಿಂಬೆರಸ ಹಿಂಡಿ. ನೊರೆ ಬಂದರೆ ಸುಣ್ಣ ಇದೆ ಎಂದರ್ಥ. ಬರೀ ಮಣ್ಣಿಗೆ ನೊರೆ ಬರುವುದಿಲ್ಲ. ಆದರೆ ಹಳೆಯ ಸಿಮೆಂಟಿಗೂ ಸ್ವಲ್ಪ ನೊರೆ ಬರುವುದರಿಂದ ಸುಣ್ಣ–ಸಿಮೆಂಟು ಬೇರ್ಪಡಿಸಲು ಬಣ್ಣವನ್ನೇ ನೋಡಬೇಕು: ಸಿಮೆಂಟು ಬೂದು, ಚಿಪ್ಪಿಸುಣ್ಣ ಬಿಳಿ, ಸರಿಯಾಗಿ ಸುಡದ ಚಿಪ್ಪಿನ ಚೂರು ಅದರೊಳಗೆ ಹೊಳೆಯುತ್ತಿರುತ್ತದೆ. ಗಟ್ಟಿ ಗಾರೆಯನ್ನು ಎಂದೂ ಕೆರೆಯಬೇಡಿ. ಕೆರೆದ ಜಾಗದಿಂದ ಮಳೆನೀರು ಒಳಹೋದರೆ ಮಣ್ಣಿನ ಗೋಡೆಗೆ ನೀವೇ ಕೇಡು ಮಾಡಿದಂತಾಗುತ್ತದೆ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಎರಡು ಗೋಡೆ ಸೇರುವ ಮೂಲೆ. ಚಾವಡಿಯ ಗೋಡೆಯೂ ಅಡುಗೆಮನೆಯ ಗೋಡೆಯೂ ಒಟ್ಟಿಗೆ ಕಟ್ಟಿದ್ದಾದರೆ ಕಲ್ಲುಗಳು ಒಂದು ಸಾಲು ಇದರೊಳಗೆ, ಒಂದು ಸಾಲು ಅದರೊಳಗೆ ಹೆಣೆದಿರುತ್ತವೆ. ನೆಲದಿಂದ ಅಟ್ಟದವರೆಗೆ ನೇರವಾದ ಒಂದು ಬಿರುಕಿನ ಗೆರೆ ಇದ್ದರೆ ಎರಡೂ ಬೇರೆ ಬೇರೆ ಕಾಲದವು. ಹಳತು ಯಾವುದೆಂದು ತಿಳಿಯಲು ಆ ಸಂದಿಗೆ ಟಾರ್ಚು ಬಿಡಿ: ಯಾವ ಗೋಡೆಯ ಮೈಯಲ್ಲಿ ಸುಣ್ಣ ಬಳಿದ ಪದರ ಸಂದಿನ ಒಳಕ್ಕೂ ಮುಂದುವರಿದಿದೆಯೋ ಅದು ಮೊದಲು ಹೊರಗೋಡೆಯಾಗಿತ್ತು, ಅದೇ ಹಳತು. ಹೊಸದನ್ನು ಅದಕ್ಕೆ ತಾಗಿಸಿ ಕಟ್ಟಿದ್ದಾರೆ. ಇಂಥ ಒಂದು ಸಂದು ಸಿಕ್ಕಿದರೆ ಮನೆಯ ನಕ್ಷೆ ಬಿಡಿಸಿ, ಹಳೆಯ ಭಾಗಕ್ಕೆ ಒಂದು ಬಣ್ಣ, ಸೇರಿಸಿದ್ದಕ್ಕೆ ಇನ್ನೊಂದು ಬಣ್ಣ ತುಂಬಿ.

ನೆಲದ ಮಾತು ಬೇಗ ಮುಗಿಯುತ್ತದೆ. ಕೆಂಪು ಕಾವಿಯ ನೆಲ, ಸಿಮೆಂಟು, ಟೈಲ್ಸು ಎಲ್ಲ ಮೇಲಿಂದ ಮೇಲೆ ಬಂದವು. ಅವುಗಳಿಂದ ಮನೆಯ ಹುಟ್ಟು ತಿಳಿಯುವುದಿಲ್ಲ. ಹೊಸ್ತಿಲು ನೆಲದಲ್ಲಿ ಹೂತಂತಿದ್ದರೆ ಎಷ್ಟು ಇಂಚು ನೆಲ ಏರಿಸಿದ್ದಾರೆ ಎಂದು ಅಳೆದಿಡಿ, ಅಷ್ಟು ಸಾಕು.

ನಾಲ್ಕನೆಯ ಹಂತ: ಕಾಗದಪತ್ರ

ಕಟ್ಟಡ ಹೇಳಿದ್ದನ್ನು ಕಾಗದದಿಂದ ಒರೆಹಚ್ಚಬೇಕು. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಆಮೇಲೆ ಕೇರಳದಲ್ಲಿ ಕಣ್ಣೂರು ಜಿಲ್ಲೆಯದ್ದು, 1984ರ ಮೇ 24ರಿಂದ ಪ್ರತ್ಯೇಕ ಜಿಲ್ಲೆ. ಹೀಗಾಗಿ ದಾಖಲೆ ಒಂದೇ ಕಡೆ ಇಲ್ಲ. ಮದರಾಸು ಸರಕಾರದ ಕಂದಾಯ ದಾಖಲೆಗಳು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿವೆ. ಅಲ್ಲಿಗೆ ಹೋಗುವುದು ಕೊನೆಯ ಕೆಲಸವಾಗಲಿ. ಮನೆಯ ಪೆಟ್ಟಿಗೆಯಿಂದ ಶುರುಮಾಡಿ.

ಮನೆಯವರಲ್ಲಿ ಮೂಲ ಆಧಾರ, ಮುನ್ನಾಧಾರ, ಪಾಲುಪಟ್ಟಿ, ಮೂಲಗೇಣಿ ಚೀಟು ಏನಿದ್ದರೂ ತೋರಿಸಲು ಕೇಳಿ. ಇವುಗಳಲ್ಲಿ ಪಾಲುಪಟ್ಟಿ ತುಂಬ ಪ್ರಯೋಜನಕ್ಕೆ ಬರುತ್ತದೆ, ಏಕೆಂದರೆ ಅದರಲ್ಲಿ ಯಾವ ಕೋಣೆ ಯಾರಿಗೆ ಎಂಬಷ್ಟು ವಿವರ ಇರುವುದುಂಟು. ಮದರಾಸಿನ ಅಳಿಯಸಂತಾನ ಕಾಯಿದೆ ಬಂದ 1949ರ ನಂತರದ ವರ್ಷಗಳಲ್ಲಿ, ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿ ರದ್ದಾದ 1976ರ ಡಿಸೆಂಬರ್ ನಂತರದಲ್ಲಿ ಆದ ಪಾಲುಗಳನ್ನು ವಿಶೇಷವಾಗಿ ಹುಡುಕಿ. ಗೇಣಿದಾರರ ಮನೆಯಾದರೆ 1970ರ ನಂತರ ಭೂನ್ಯಾಯಮಂಡಳಿಯಿಂದ ಸಿಕ್ಕ ಕ್ರಯದ ಸರ್ಟಿಫಿಕೇಟು ಇರುತ್ತದೆ. ಅದರ ಕಡತದಲ್ಲಿ ಮನೆಯ ಉಲ್ಲೇಖ ಇದ್ದರೂ ಇರಬಹುದು.

ಓದುವಾಗ ಮನೆಯ ಮಾಡನ್ನು ಏನೆಂದು ಕರೆದಿದ್ದಾರೆ ನೋಡಿ. ಒಂದು ಪತ್ರದಲ್ಲಿ “ಮುಳಿ ಮಾಡಿನ ಮನೆ”, ಮುಂದಿನ ಪತ್ರದಲ್ಲಿ “ಹಂಚಿನ ಮನೆ” ಎಂದಿದ್ದರೆ ಹಂಚು ಬಂದ ಕಾಲ ಇವೆರಡರ ನಡುವೆ. ಎಚ್ಚರ ಬೇಕಾದದ್ದು ಇಲ್ಲಿ: ದಸ್ತಾವೇಜು ಬರೆಯುವವರು ಹಳೆಯ ಪತ್ರದ ಸಾಲುಗಳನ್ನು ಹಾಗೆಯೇ ಇಳಿಸುತ್ತಿದ್ದರು. “ಮನೆ, ಕೊಟ್ಟಿಗೆ, ಬಾವಿ, ಫಲವೃಕ್ಷ ಸಹಿತ” ಎಂಬ ಮಾಮೂಲು ಸಾಲಿನಿಂದ ಆ ಜಾಗದಲ್ಲಿ ಒಂದು ಮನೆ ಇತ್ತು ಎಂದಷ್ಟೇ ತಿಳಿಯುತ್ತದೆ. ಅದು ಇವತ್ತಿನ ಮನೆಯೇ ಎಂದು ಹೇಳಲಾಗದು. ಕೋಣೆಗಳ ಲೆಕ್ಕ, ಚಕ್ಕುಬಂದಿ, ಬಾವಿ ಇರುವ ದಿಕ್ಕು ಇವು ಹೊಂದಿದರೆ ಮಾತ್ರ ಒಪ್ಪಿ.

ಪೆಟ್ಟಿಗೆ ಖಾಲಿಯಾದರೆ ಸಬ್‌ರಿಜಿಸ್ಟ್ರಾರ್ ಕಚೇರಿ. ಸ್ಥಿರಾಸ್ತಿಯ ಪತ್ರಗಳು ಒಂದನೆಯ ಪುಸ್ತಕದಲ್ಲಿರುತ್ತವೆ. ಒಂದನೆಯ ಸೂಚಿಯಲ್ಲಿ ಜನರ ಹೆಸರು ಹಿಡಿದು, ಎರಡನೆಯ ಸೂಚಿಯಲ್ಲಿ ಆಸ್ತಿ ಹಿಡಿದು ಹುಡುಕಬಹುದು. ಆನ್‌ಲೈನಿನಲ್ಲಿ ಸಿಗುವ ಬಾಧ್ಯತಾ ಸರ್ಟಿಫಿಕೇಟು ಹಿಂದಕ್ಕೆ ಹೆಚ್ಚು ದೂರ ಹೋಗುವುದಿಲ್ಲ. ಹಳೆಯದಕ್ಕೆ ಕಚೇರಿಯಲ್ಲೇ ಹುಡುಕಾಟದ ಅರ್ಜಿ ಕೊಡಬೇಕು. ವಿಲ್ಲೇಜ್ ಆಫೀಸಿನಲ್ಲಿ ಕೇಳಬೇಕಾದದ್ದು ಹಳೆಯ ಮತ್ತು ಮರುಸರ್ವೆಯ ನಂಬರುಗಳನ್ನು ಹೊಂದಿಸಿದ ಪಟ್ಟಿ. ಅದಿಲ್ಲದೆ ಹಳೆಯ ನಂಬರು ಹಿಡಿದು ಹೋದರೆ ಯಾರದ್ದೋ ತೋಟಕ್ಕೆ ಹೋಗಿ ನಿಲ್ಲುತ್ತೀರಿ. ಸ್ಥಳೀಯಾಡಳಿತದಲ್ಲಿ ಕಟ್ಟಡ ತೆರಿಗೆಯ ಹಳೆಯ ರಿಜಿಸ್ಟರ್ ಕೇಳಿ; ಕಣ್ಣಿಗೆ ಬೀಳದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ತೆರಿಗೆಗೆ ಮನೆ ಸೇರಿದ ವರ್ಷವನ್ನು ಕಟ್ಟಿದ ವರ್ಷವೆಂದು ತಿಳಿಯಬೇಡಿ. ಕನ್ನಡ ಅಲ್ಪಸಂಖ್ಯಾತ ಪ್ರದೇಶವಾದ್ದರಿಂದ ಅರ್ಜಿಯನ್ನು ಕನ್ನಡದಲ್ಲೇ ಕೊಡಿ, ಅದು ನಮ್ಮ ಹಕ್ಕು. ಉತ್ತರ ಮಲಯಾಳದಲ್ಲಿ ಬಂದರೆ ಓದಿಸಿಕೊಳ್ಳಲು ಒಬ್ಬರು ಜತೆಗಿರಲಿ. 1956ಕ್ಕೆ ಹಿಂದಿನ ಪತ್ರಗಳು ಹೆಚ್ಚಾಗಿ ಕನ್ನಡದಲ್ಲೇ ಇವೆ, ಆದರೆ ಕೂಡಕ್ಷರ ಬಿಡಿಸಲು ಹಳೆಯ ದಸ್ತಾವೇಜು ಬರಹಗಾರರ ಸಹಾಯ ಬೇಕಾದೀತು.

ವರ್ಷದ ಲೆಕ್ಕ

ಒಂದೇ ಊರಿನಲ್ಲಿ ಐದು ಬಗೆಯ ವರ್ಷ ಸಿಗುತ್ತದೆ. ಕಂದಾಯದ ಕಾಗದದಲ್ಲಿ ಫಸಲಿ, ತರವಾಡಿನ ತೊಲೆಯಲ್ಲಿ ಮಲಯಾಳದ ಕೊಲ್ಲವರ್ಷ, ತಳಂಗರೆಯಂಥ ಕಡೆ ಹಿಜರಿ, ಉಳಿದಲ್ಲಿ ಶಕ ಅಥವಾ ಬರೀ ಸಂವತ್ಸರದ ಹೆಸರು. ತಾಳೆ ನೋಡಲು ಒಂದು ವರ್ಷ ನೆನಪಿಟ್ಟುಕೊಳ್ಳಿ: 1900–01 ಎಂದರೆ ಫಸಲಿ 1310, ಕೊಲ್ಲವರ್ಷ 1076, ಶಕ 1822, ಹಿಜರಿ 1318, ಶಾರ್ವರಿ ಸಂವತ್ಸರ. ಫಸಲಿಗೆ 590, ಶಕಕ್ಕೆ 78 ಸೇರಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ. ಕೊಲ್ಲವರ್ಷಕ್ಕೆ ತಿಂಗಳು ನೋಡಿಕೊಂಡು 824 ಅಥವಾ 825 ಸೇರಿಸಬೇಕು. ಹಿಜರಿ ಚಾಂದ್ರವರ್ಷವಾದ್ದರಿಂದ ಬರೀ ಕೂಡಿಸಿದರೆ ಆಗದು, 0.97ರಿಂದ ಗುಣಿಸಿ 622 ಸೇರಿಸಿ, ಒಂದು ವರ್ಷದ ಆಚೀಚೆ ಇರಬಹುದೆಂದು ಬರೆಯಿರಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ: ಶಾರ್ವರಿ 1840ರಲ್ಲೂ ಇತ್ತು, 1960ರಲ್ಲೂ ಇತ್ತು. ಯಾವ ಸುತ್ತಿನದ್ದು ಎಂದು ಹೇಳಬೇಕಾದದ್ದು ಹಂಚು, ಮೊಳೆ, ಗಾರೆ.

ತೀರ್ಮಾನ ಬರೆಯುವುದು

ಒಂದೊಂದು ಮನೆಗೆ ಒಂದು ಪುಟ ಇಡಿ. ಗೋಡೆ, ಚೌಕಟ್ಟು, ಹೊದಿಕೆ, ಬಾಗಿಲು–ಕಿಟಕಿ ಇವಕ್ಕೆ ಬೇರೆ ಬೇರೆ ಸಾಲು. ಪ್ರತಿ ಸಾಲಿನಲ್ಲೂ “ಇದಕ್ಕಿಂತ ಹಿಂದಿನದಲ್ಲ”, “ಇದಕ್ಕಿಂತ ಈಚಿನದಲ್ಲ” ಎಂಬ ಎರಡು ವರ್ಷ, ಜತೆಗೆ ಅದು ಕಟ್ಟಡದಿಂದ ತಿಳಿದದ್ದೋ, ಕಾಗದದಿಂದಲೋ, ಬಾಯಿಮಾತಿನಿಂದಲೋ ಎಂಬ ಗುರುತು. ಬಾಯಿಮಾತು ಮಾತ್ರ ಇರುವ ಸಾಲನ್ನು ಪೆನ್ಸಿಲಿನಲ್ಲಿ ಬರೆಯಿರಿ. ಎರಡು ಬಗೆಯ ಆಧಾರ ಒಂದೇ ಕಾಲಕ್ಕೆ ಬಂದು ನಿಂತಾಗ ಶಾಯಿ ಹಾಕಿ. ಊರಿನ ಪುಟಗಳನ್ನು ಪಕ್ಕಪಕ್ಕ ಇಟ್ಟು ಗೋಡೆಯ ಸಾಲನ್ನು ಹೋಲಿಸಿದರೆ ಅತಿ ಹಳೆಯದು ಯಾವುದೆಂದು ಹೇಳಬಹುದು. ಎರಡು ಮನೆಗಳ ನಡುವೆ ತೀರ್ಮಾನವಾಗದಿದ್ದರೆ ಎರಡನ್ನೂ ಬರೆದಿಡಿ; ಮನೆತನಗಳ ಮರ್ಯಾದೆಯ ಪ್ರಶ್ನೆ ಇರುವಲ್ಲಿ ಆಧಾರವಿಲ್ಲದೆ ಒಂದನ್ನು ಮೇಲಿಡುವುದು ಅನ್ಯಾಯ. ದೊಡ್ಡ ಗುತ್ತುಮನೆಯನ್ನೇ ನೋಡುತ್ತ ಬೈಲಿನಾಚೆಯ ಸಣ್ಣ ಒಕ್ಕಲುಮನೆಯನ್ನು ಬಿಡಬೇಡಿ. ದುಡ್ಡಿದ್ದ ಮನೆಯನ್ನು ಮತ್ತೆ ಮತ್ತೆ ಕಟ್ಟಿಸಿರುತ್ತಾರೆ. ದುಡ್ಡಿಲ್ಲದ ಕಡೆ ಹಳೆಯ ಮಣ್ಣಿನ ಗೋಡೆ ಹಾಗೆಯೇ ಉಳಿದಿರುವುದುಂಟು.

ಬರೆದ ಪುಟದ ಒಂದು ಪ್ರತಿಯನ್ನು ಮನೆಯವರಿಗೆ, ಒಂದನ್ನು ಊರಿನ ಗ್ರಂಥಾಲಯಕ್ಕೆ ಕೊಡಿ. ಫೋಟೊವನ್ನು ಮೊಬೈಲಿನಲ್ಲಿ ಎಲ್ಲರಿಗೂ ಹಂಚುವಾಗ ಬೀಗ ಹಾಕಿದ ಮನೆಯ ಜಾಗ ಗುರುತು ಸಿಗುವಂತೆ ಹಾಕಬೇಡಿ. ಕೆತ್ತನೆಯ ಬಾಗಿಲು, ಕಂಬಗಳಿಗೆ ಹಳೆ ಮರದ ಪೇಟೆಯಲ್ಲಿ ಒಳ್ಳೆಯ ಕ್ರಯ ಇದೆ. ಕಾಯುವವರಿಲ್ಲದ ಮನೆಗೆ ಅಂಥ ಪ್ರಚಾರವೇ ಅಪಾಯ.